ಅಪಾಯಗಳ ಅಧ್ಯಾಯ

ಮಾರ್ಚ್ 3, ಸೋಮವಾರ

ಮೂವತ್ತೆಂಟು ಜನರ ಔಷಧಿಯನ್ನು ನಿಲ್ಲಿಸುತ್ತಾರೆ. ಆ ಮೂವತ್ತೆಂಟು ಜನಕ್ಕೆ ಅದು ಇನ್ನೂ ಗೊತ್ತಿಲ್ಲ. ನನಗೆ ಗೊತ್ತಾದದ್ದು ಇವತ್ತು ಮಧ್ಯಾಹ್ನ ಎರಡೂ ಕಾಲಿಗೆ, ಇನ್ನೂರ ಹನ್ನೆರಡನೇ ಪುಟದ ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿ.

ಹೀಗಾಗಲೇ ಇಲ್ಲ ಎಂದು ಮುಂದೆ ಯಾರೂ ಹೇಳಬಾರದು, ಅದಕ್ಕೆ ಬರೆದಿಡುತ್ತೇನೆ. ನಮ್ಮದು ಔಷಧಿ ಕಂಡುಹಿಡಿಯುವ ಕಂಪನಿ. ಈಗ ಷೇರುಪೇಟೆಗೆ ಹೊರಟಿದೆ. ಹೊರಡುವ ಮೊದಲು ತನ್ನ ಒಳಗನ್ನೂ ಹೊರಗನ್ನೂ ಹೇಳಿಕೊಳ್ಳುವ ಒಂದು ದಪ್ಪ ಪುಸ್ತಕ ಅಚ್ಚು ಹಾಕಿಸಬೇಕು. ಅದಕ್ಕೆ ಪ್ರಾಸ್ಪೆಕ್ಟಸ್ ಎನ್ನುತ್ತಾರೆ. ಹೂಡಿಕೆದಾರರ ವಿಭಾಗದಲ್ಲಿ ಅದರ ಕರಡು ತಿದ್ದುವುದು ನನ್ನ ಕೆಲಸ. ಹದಿನೇಳನೇ ಪುಟದಲ್ಲಿ ಮೂವತ್ತೆಂಟು ಇದ್ದರೆ ನೂರೆಂಟನೇ ಪುಟದಲ್ಲೂ ಮೂವತ್ತೆಂಟೇ ಇದೆಯಾ ಎಂದು ನೋಡುತ್ತೇನೆ. ಜೊತೆಗೆ ಹೊರಗಿನಿಂದ ಬರುವ ಫೋನ್ ಎತ್ತುತ್ತೇನೆ.

ಆ ಮೂವತ್ತೆಂಟು ಜನರದು ಬೆರಳಿನಿಂದ ಶುರುವಾಗಿ ಸ್ನಾಯು ಕರಗುತ್ತಾ ಹೋಗುವ ಕಾಯಿಲೆ. ಲಕ್ಷಕ್ಕೆ ಒಬ್ಬರಿಗೂ ಬರುವುದಿಲ್ಲ. ನಮ್ಮ ಔಷಧಿಯ ಪ್ರಯೋಗಕ್ಕೆ ಅವರು ಮೈಕೊಟ್ಟರು. ಹದಿನೈದು ದಿನಕ್ಕೊಂದು ಸೂಜಿ, ಎರಡು ವರ್ಷ. ಕೈಗೆ ಬಲ ಬಂತು. ಪ್ರಯೋಗ ಮುಗಿದ ಮೇಲೂ ಸೂಜಿ ಮನೆಗೆ ಹೋಗುತ್ತಿದೆ. ಈಗ ಪುಸ್ತಕ ಹೇಳುತ್ತದೆ: "ಸಾಮರ್ಥ್ಯದ ಮರುಹಂಚಿಕೆಯ ಭಾಗವಾಗಿ ಸ್ನಾಯು ಕಾರ್ಯಕ್ರಮದ ವಿಸ್ತರಣಾ ಪೂರೈಕೆಯನ್ನು ಎರಡನೇ ತ್ರೈಮಾಸಿಕದ ಅಂತ್ಯಕ್ಕೆ ಪರಿಶೀಲಿಸಲಾಗಬಹುದು."

ಕಾರ್ಖಾನೆಯ ಮೇಲ್ವಿಚಾರಕರಿಗೆ ಫೋನ್ ಮಾಡಿ ಕೇಳಿದೆ. ಅವರು ಸುತ್ತಿ ಬಳಸುವ ಮನುಷ್ಯರಲ್ಲ. "ಔಷಧಿ ತಯಾರಿಸೋ ತೊಟ್ಟಿ ಇರೋದು ಒಂದೇ ಅಲ್ವಾ? ಏಪ್ರಿಲ್‌ನಿಂದ ಅದರಲ್ಲಿ ಮಂಡಿ ನೋವಿನ ಔಷಧಿ. ಮಂಡಿ ಎಲ್ಲರಿಗೂ ಇದೆ, ಈ ಕಾಯಿಲೆ ಎಷ್ಟು ಜನಕ್ಕಿದೆ?" ಎಂದರು.

ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಪರೀಕ್ಷೆ ಬರೆಯಲು ಮಾತ್ರ. ಓದಿದ್ದೆಲ್ಲ ಹಳೇ ಪ್ರೆಸ್ಸಿನಲ್ಲಿ ಕರಡು ತಿದ್ದುವಾಗ ಕೈಗೆ ಬಂದ ಕರಪತ್ರಗಳನ್ನು. ನೀರಿನ ಹಕ್ಕು, ಕೂಲಿಯ ಹಕ್ಕು, ರೋಗಿಯ ಹಕ್ಕು, ಎಲ್ಲವೂ ಮೂರು ಮಡಿಕೆಯ ಅಗ್ಗದ ಕಾಗದದಲ್ಲಿ. ಅವೆಲ್ಲ ಕೊನೆಗೆ ಹೇಳುವುದು ಒಂದೇ ಮಾತು: ಅನ್ಯಾಯ ಬದುಕುವುದು ಕತ್ತಲಲ್ಲಿ. ಬೆಳಕಿಗೆ ತಂದರೆ ಸಾಯುತ್ತದೆ.

ತರುತ್ತೇನೆ.

ಮಾರ್ಚ್ 5, ಬುಧವಾರ

ಕಟಿಂಗ್ ಶಾಪಿನ ಅಣ್ಣ ಫೋನ್ ಮಾಡಿದ್ದರು. ಮೂವತ್ತೆಂಟು ಜನರಲ್ಲಿ ನನಗೆ ಪರಿಚಯವಿರುವುದು ಅವರದೊಂದೇ ದನಿ. ಪ್ರತಿ ಬುಧವಾರ ಹನ್ನೊಂದು ಗಂಟೆಗೆ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ಏನೋ ಒಂದು ನೆಪ ಹಿಡಿದು ಮಾತಾಡುತ್ತಾರೆ.

ಹೂಡಿಕೆದಾರರಿಗೆ ತೋರಿಸುವ ಚಿತ್ರಗಳಲ್ಲಿ ಒಂಬತ್ತನೆಯದು ಅವರದೇ ವಿಡಿಯೊ. ಕ್ಷೌರ ಕಲಿಯುವವರಿಗೆ ಒಂದು ಪರೀಕ್ಷೆ ಇದೆಯಂತೆ. ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ, ಬಲೂನು ಒಡೆಯದಂತೆ ಕತ್ತಿಯಿಂದ ನೊರೆ ಬೋಳಿಸಬೇಕು. ಔಷಧಿಗೆ ಮೊದಲು ಅವರು ಒಡೆದ ಬಲೂನು ಹನ್ನೊಂದು. ಎರಡು ವರ್ಷದ ಮೇಲೆ ಒಂದೂ ಒಡೆಯಲಿಲ್ಲ. ವಿಡಿಯೊದಲ್ಲಿ ಕತ್ತಿ ಬಲೂನಿನ ಮೇಲೆ ಜಾರುವ ಸದ್ದು ಕೇಳಿಸುತ್ತದೆ. ಷೇರು ಮಾರಿಕೊಡುವ ಬ್ಯಾಂಕಿನವರು ಆ ಸದ್ದನ್ನು ಇನ್ನಷ್ಟು ಜೋರು ಮಾಡಿಸಿದ್ದಾರೆ.

"ಏನ್ ತಂಗೀ, ನಿಮ್ಮ ಕಂಪನಿ ಪೇಟೆಗೆ ಹೋಗುತ್ತಂತೆ? ನಂದೂ ಫೋಟೊ ಹೋಗುತ್ತಾ?"

"ಹೋಗುತ್ತೆ ಅಣ್ಣಾ."

"ಚೆನ್ನಾಗಿ ಬಾಚ್ಕೊಂಡಿದ್ದೆ, ಬಿಡು. ಅಲ್ಲಾ, ಸೂಜಿ ಪೆಟ್ಟಿಗೆ ಮೇಲೆ ಜೂನ್‌ವರೆಗೆ ಅಂತ ಚೀಟಿ ಇದೆ. ಆಮೇಲಿಂದು ಯಾವಾಗ ಬರುತ್ತೆ?"

ಷೇರು ಮಾರುವ ಮುಂಚೆ ಮತ್ತು ಮಾರಿದ ಮೇಲೆ ಇಪ್ಪತ್ತೈದು ದಿನ ಮೌನದ ಅವಧಿ ಎಂದಿದೆ. ಪುಸ್ತಕದಲ್ಲಿ ಇರುವುದನ್ನು ಬಿಟ್ಟು ಒಂದಕ್ಷರ ಹೊರಗೆ ಹೇಳುವಂತಿಲ್ಲ. ನನ್ನ ಮೇಜಿನ ಗಾಜಿನ ಕೆಳಗೆ ಆ ಸುತ್ತೋಲೆ ಇದೆ.

"ಈಗ ಏನೂ ಹೇಳೋ ಹಾಗಿಲ್ಲ ಅಣ್ಣಾ" ಎಂದೆ.

"ಅಯ್ಯೋ, ಹೇಳ್ಬೇಡ ಬಿಡು. ಗಿರಾಕಿ ಬಂದ."

ಅವರಿಗೆ ಹೆಂಡತಿ ಇದ್ದಾರೆ, ಕಿವಿ ಕೇಳದ ಅತ್ತೆ ಇದ್ದಾರೆ, ಎರಡು ಕುರ್ಚಿಯ ಅಂಗಡಿ ಇದೆ. ಬೇರೆ ಕೆಲಸ ಗೊತ್ತಿಲ್ಲ. ಈ ವಾಕ್ಯಗಳನ್ನು ಯಾವ ಪುಟದಲ್ಲೂ ಅಚ್ಚು ಹಾಕಿಲ್ಲ.

ಮಾರ್ಚ್ 10, ಸೋಮವಾರ

ನಿನ್ನೆ ಭಾನುವಾರದ ಗುಂಪಿನಲ್ಲಿ ಹೇಳಿದೆ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಏಳು ಜನ ಕೂತು ಕರಪತ್ರ ಓದುವವರು ನಾವು. ಎಲ್ಲರೂ ಕೊತಕೊತ ಕುದಿದರು. ಪತ್ರಿಕೆಗೆ ಕೊಡಬೇಕು ಎಂದು ತೀರ್ಮಾನವಾಯಿತು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದ ಮುಖ್ಯಸ್ಥೆ. ಮಾತೂ ಇಸ್ತ್ರಿ ಪೆಟ್ಟಿಗೆಯ ಹಾಗೆಯೇ, ನೇರ ಮತ್ತು ಬಿಸಿ.

"ಆ ಪುಸ್ತಕ ಯಾರು ಬೇಕಾದ್ರೂ ಓದ್ಬಹುದಾ?"

"ಹೌದು. ಎಲ್ಲರಿಗೂ ಸಿಗುತ್ತೆ."

"ಮತ್ತೆ ನೀನು ಬಯಲು ಮಾಡೋದು ಏನನ್ನೇ? ಅವರೇ ಅಚ್ಚು ಹಾಕಿ ಹಂಚ್ತಿದ್ದಾರೆ. ಕಳ್ಳನೇ ಬೀದೀಲಿ ನಿಂತು ಕದ್ದೆ ಅಂತ ಕೂಗ್ತಿದ್ದಾನೆ. ನೀನು ಅವನ ಹಿಂದೆ ನಿಂತ್ಕೊಂಡು ಕಳ್ಳ ಕಳ್ಳ ಅಂತೀಯ."

"ಅಕ್ಕಾ, ಅಡ್ಡಗೋಡೆ ಮೇಲೆ ದೀಪ ಇಟ್ಟಹಾಗೆ ಬರೆದಿದ್ದಾರೆ. ಯಾರಿಗೂ ಅರ್ಥ ಆಗ್ಬಾರದು ಅಂತಾನೇ."

"ಹಾಗಾದ್ರೆ ಅರ್ಥ ಆಗೋ ಹಾಗೆ ಬರೆಸು, ನೋಡೋಣ. ತಟ್ಟೆ ಎತ್ತು ಮೊದಲು."

ತಟ್ಟೆ ತೊಳೆಯುವಾಗ ಹೊಳೆಯಿತು. ಅಕ್ಕ ಅಣಕಕ್ಕೆ ಹೇಳಿದ್ದೇ ಸರಿಯಾದ ದಾರಿ. ಇನ್ನೂರ ಹನ್ನೆರಡನೇ ಪುಟದಿಂದ ಆ ಸತ್ಯವನ್ನು ಕಿತ್ತು ಮುಂದೆ ತರಬೇಕು. ಯಾರಿಗೂ ತಪ್ಪಿಸಿಕೊಳ್ಳಲು ಆಗದ ಭಾಷೆಯಲ್ಲಿ ಬರೆಸಬೇಕು. ಅದನ್ನು ಓದಿದ ಮೇಲೂ ಷೇರು ಕೊಳ್ಳುವ ಮನುಷ್ಯ ಇರುವುದಿಲ್ಲ. ಕೊಳ್ಳುವವರಿಲ್ಲದಿದ್ದರೆ ಕಂಪನಿ ಔಷಧಿ ಮುಂದುವರಿಸಲೇಬೇಕು.

ಮಾರ್ಚ್ 14, ಶುಕ್ರವಾರ

ಇಂದಿನದನ್ನು ಪೂರ್ತಿ ಬರೆಯಬೇಕು.

ರೋಡ್ ಶೋ ಎಂದರೆ ದೊಡ್ಡ ಡಾಕ್ಟರು ಹತ್ತು ದಿನ ಹೂಡಿಕೆದಾರರ ಮುಂದೆ ಕೂತು ಕಂಪನಿಯ ಕಥೆ ಹೇಳುವುದು. ದೊಡ್ಡ ಡಾಕ್ಟರು ಎಂದರೆ ಕಂಪನಿ ಕಟ್ಟಿದವರು. ಅದಕ್ಕೆ ಮುಂಚೆ ಒಳಗೇ ಒಂದು ತಾಲೀಮು ನಡೆಯುತ್ತದೆ. ನಮ್ಮಲ್ಲೇ ಒಬ್ಬರು ಕೆಟ್ಟ ಹೂಡಿಕೆದಾರರ ಪಾತ್ರ ಹಾಕಿ, ಅವರಿಗೆ ಬೆವರಿಳಿಯುವ ಹಾಗೆ ಪ್ರಶ್ನೆ ಕೇಳಬೇಕು.

"ಯಾರು ಕೂರ್ತೀರಿ? ತುಂಬಾ ಕೆಟ್ಟೋರು ಬೇಕು" ಎಂದರು ಮೇಡಂ. ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ.

"ಕರಪತ್ರನ್ನ ಕೂರಿಸಿ" ಎಂದ ಬ್ಯಾಂಕಿನವನು. ಷೇರು ಮಾರಿಕೊಡುವ ಬ್ಯಾಂಕಿನಿಂದ ಬಂದವನು ಅವನು. ಆಫೀಸಿನಲ್ಲಿ ನನ್ನ ಹೆಸರು ಕರಪತ್ರ. "ಅವಳ ಮುಖ ನೋಡಿದ್ರೇ ಷೇರು ಅರ್ಧಕ್ಕೆ ಇಳಿಯುತ್ತೆ."

ಎಲ್ಲರೂ ನಕ್ಕರು. ನಾನು ಹೋಗಿ ಉದ್ದ ಮೇಜಿನ ತುದಿಯಲ್ಲಿ ಕೂತೆ. ಎದುರಿಗೆ ದೊಡ್ಡ ಡಾಕ್ಟರು, ಪಕ್ಕದಲ್ಲಿ ಪೆನ್ಸಿಲ್ ಹಿಡಿದ ಕಂಪನಿಯ ವಕೀಲರು. ಬಲೂನಿನ ವಿಡಿಯೊ ಮುಗಿಯಿತು. ದೀಪ ಹಾಕಿದರು.

"ಡಾಕ್ಟರೇ, ಒಂಬತ್ತನೇ ಚಿತ್ರದಲ್ಲಿ ಒಬ್ಬರು ಬಲೂನಿಗೆ ಕ್ಷೌರ ಮಾಡ್ತಾರೆ. ಈ ಡಿಸೆಂಬರ್‌ನಲ್ಲಿ ಅವರ ಕೈ ಏನು ಮಾಡುತ್ತೆ?"

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ಅದು ನಾವು ಪರಿಶೀಲಿಸ್ತಾ ಇದ್ದೀವಿ."

"ಏನನ್ನ ಪರಿಶೀಲಿಸ್ತೀರಿ? ಇರೋದು ಒಂದೇ ತೊಟ್ಟಿ. ಏಪ್ರಿಲ್‌ನಿಂದ ಅದರಲ್ಲಿ ಮಂಡಿ ಔಷಧಿ. ಜೂನ್‌ಗೆ ಇರೋ ಸೂಜಿ ಮುಗಿಯುತ್ತೆ. ಆರು ತಿಂಗಳಲ್ಲಿ ಅವರ ಬೆರಳು ಮೊದಲಿನ ಹಾಗೇ ಆಗುತ್ತೆ ಅಂತ ನಿಮ್ಮದೇ ವರದಿ ಹೇಳುತ್ತೆ. ಹೌದಾ ಅಲ್ವಾ?"

ಯಾರೂ ನಗಲಿಲ್ಲ. ಡಾಕ್ಟರ ಹಣೆಯಲ್ಲಿ ನಿಜವಾಗಿಯೂ ಬೆವರು. ಅವರ ದನಿ ಸಣ್ಣದಾಯಿತು. "ಹೌದು" ಎಂದರು. "ಮೊದಲಿನ ಹಾಗೇ ಆಗುತ್ತೆ."

ಆ ಕ್ಷಣಕ್ಕೆ ನಾನು ಹುಟ್ಟಿದ್ದೇ ಇದಕ್ಕೆ ಅನ್ನಿಸಿತು.

ವಕೀಲರು ಪೆನ್ಸಿಲ್ ಕೆಳಗಿಟ್ಟರು. ವಯಸ್ಸಾದವರು, ಮೆತ್ತಗಿನ ಮಾತು. "ಈಗ ಹೇಳಿದ್ಯಲ್ಲಮ್ಮ, ಅದನ್ನ ಬರೆದು ಕೊಡ್ತೀಯಾ? ನೀನು ಹೇಳಿದ ಹಾಗೇ. ನಯ ನಾಜೂಕು ಏನೂ ಬೇಡ."

"ಪುಸ್ತಕಕ್ಕಾ?"

"ಪುಸ್ತಕಕ್ಕೇ. ಮುಂದಿನ ಪುಟಗಳಿಗೆ. ಹೂಡಿಕೆದಾರರಿಗೆ ಮುಂಚೆಯೇ ಎಚ್ಚರಿಕೆ ಹೇಳೋ ಅಪಾಯಗಳ ಅಧ್ಯಾಯಕ್ಕೆ."

ಬ್ಯಾಂಕಿನವನು ಬಾಯಿ ತೆರೆದ. ವಕೀಲರು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ಒಬ್ಬ ಪ್ರಾಮಾಣಿಕ ಮುದುಕ ಸಾಕು, ಕೋಣೆ ಬದಲಾಗುತ್ತದೆ.

ಮಾರ್ಚ್ 19, ಬುಧವಾರ

ಅಚ್ಚಾಯಿತು. ಪುಟ ಮೂವತ್ತೊಂದು, ಎರಡನೇ ಪ್ಯಾರಾ. ಒಂದಕ್ಷರ ಬದಲಾಗಿಲ್ಲ:

"ಈ ಔಷಧಿಯನ್ನು ಈಗ ಪಡೆಯುತ್ತಿರುವ ಮೂವತ್ತೆಂಟು ರೋಗಿಗಳಿಗೆ ಜೂನ್ ತಿಂಗಳ ನಂತರ ಪೂರೈಕೆ ನಿಲ್ಲಿಸುವ ಉದ್ದೇಶವಿದೆ. ನಿಲ್ಲಿಸಿದ ಆರು ತಿಂಗಳಲ್ಲಿ ಅವರು ಮರಳಿ ಪಡೆದ ಕೈಬಲವನ್ನು ಮತ್ತೆ ಕಳೆದುಕೊಳ್ಳುತ್ತಾರೆ."

ಮೊನ್ನೆ ಭಾನುವಾರ ಗುಂಪಿನಲ್ಲಿ ಕರಡನ್ನು ಓದಿದ್ದೆ. ಚಪ್ಪಾಳೆ ತಟ್ಟಿದರು. ಪತ್ರಿಕೆಗೆ ಹೋಗುವ ಅಗತ್ಯವೇ ಇಲ್ಲ ಎಂದು ಎಲ್ಲರೂ ಒಪ್ಪಿದರು.

ಮಾರ್ಚ್ 27, ಗುರುವಾರ

ಪ್ರಶ್ನೋತ್ತರದ ಪುಸ್ತಿಕೆಯ ಕೆಲಸವನ್ನು ಮೇಡಂ ನನಗೇ ಒಪ್ಪಿಸಿದ್ದಾರೆ. ಹೂಡಿಕೆದಾರರು ಕೇಳಬಹುದಾದ ಅರವತ್ತನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ ಉತ್ತರ. ಪ್ರಶ್ನೆ ನಾನು ಬರೆಯುತ್ತೇನೆ, ಉತ್ತರ ಅವರು ಎಂದುಕೊಂಡಿದ್ದೆ. ಅವರ ಉತ್ತರಗಳು ಎಷ್ಟು ಪೊಳ್ಳು! "ಹೀಗೆ ಹೇಳಿದ್ರೆ ಸಿಕ್ಕಿಬೀಳ್ತೀರಿ" ಎಂದೆ. "ಹಾಗಾದ್ರೆ ನೀನೇ ಬರಿ" ಎಂದರು. ಬರೆದೆ. ಸುಳ್ಳು ಒಂದೂ ಇಲ್ಲ. ನಿಜವನ್ನೇ ಬಿಗಿಯಾಗಿ ಹೇಳಿದರೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಈ ಕೆಲಸದಲ್ಲಿ ಗೊತ್ತಾಗುತ್ತಿದೆ.

ಕಳೆದ ಭಾನುವಾರ ಗುಂಪಿಗೆ ಹೋಗಲು ಆಗಲಿಲ್ಲ. ನಿನ್ನೆ ಹನ್ನೊಂದಕ್ಕೆ ಫೋನ್ ಬಂದಾಗ ಮೀಟಿಂಗ್‌ನಲ್ಲಿದ್ದೆ.

ಏಪ್ರಿಲ್ 8, ಮಂಗಳವಾರ

ರೋಡ್ ಶೋ ಇಂದಿಗೆ ಏಳನೇ ದಿನ. ದಿನಕ್ಕೆ ಎಂಟು ಸಭೆ, ಎಲ್ಲ ಪರದೆಯ ಮೇಲೆ. ನಾನು ಕ್ಯಾಮೆರಾಗೆ ಕಾಣದ ಕುರ್ಚಿಯಲ್ಲಿ ಕೂತು, ಪ್ರಶ್ನೆ ಬಂದ ಕೂಡಲೇ ಅದರ ಉತ್ತರದ ಸಂಖ್ಯೆಯನ್ನು ರಟ್ಟಿನ ಮೇಲೆ ಬರೆದು ಎತ್ತಿ ಹಿಡಿಯುತ್ತೇನೆ.

ಆರು ದಿನ ಯಾರೂ ಪುಟ ಮೂವತ್ತೊಂದರ ಬಗ್ಗೆ ಕೇಳಲಿಲ್ಲ. ತೊಟ್ಟಿಯ ಗಾತ್ರ ಕೇಳಿದರು, ಮಂಡಿ ನೋವಿನ ಮಾರುಕಟ್ಟೆ ಕೇಳಿದರು. ಇಂದು ಒಬ್ಬಳು ಕೇಳಿದಳು. ವಯಸ್ಸು ನನ್ನಷ್ಟೇ ಇರಬೇಕು, ತಲೆಗೂದಲು ಗಂಟು ಹಾಕಿದ್ದಳು. "ಪುಟ ಮೂವತ್ತೊಂದು ಓದಿದೆ. ಮೂವತ್ತೆಂಟು ಜನ. ಇದು ನಿಮಗೆ ಸರಿ ಅನ್ನಿಸುತ್ತಾ?"

ನನ್ನ ಕೈ ತಾನಾಗಿ ಹನ್ನೆರಡು ಎಂದು ಬರೆದು ಎತ್ತಿತು.

ಡಾಕ್ಟರು ಮುಂದಕ್ಕೆ ಬಾಗಿದರು. "ಸರಿ ಅನ್ನಿಸಲ್ಲ. ಅದಕ್ಕೇ ಅದನ್ನ ಹಿಂದಿನ ಪುಟದಲ್ಲಿ ಬಚ್ಚಿಡದೆ ಮುಂದೆ ಇಟ್ಟಿದ್ದೀವಿ. ನೋವಿನ ಸಂಗತೀನ ನೋವಿನ ಮಾತಲ್ಲೇ ಹೇಳೋ ಕಂಪನೀನ ನೀವು ನಂಬಬಹುದು." ಹನ್ನೆರಡನೇ ಉತ್ತರ, ಒಂದೊಂದಕ್ಷರವೂ ನಾನು ಬರೆದದ್ದು.

ಆಕೆ ಏನೋ ಬರೆದುಕೊಂಡಳು. "ಥ್ಯಾಂಕ್ಯೂ. ಇಷ್ಟು ನೇರವಾಗಿ ಯಾರೂ ಹೇಳಲ್ಲ" ಎಂದಳು. ಸಂಜೆ ಆಕೆಯ ಹೂಡಿಕೆ ನಿಧಿಯಿಂದ ಷೇರಿಗೆ ದೊಡ್ಡ ಬೇಡಿಕೆ ಬಂತು. ಬ್ಯಾಂಕಿನವನು ನನ್ನ ಬೆನ್ನು ತಟ್ಟಿ, "ಕರಪತ್ರಾ, ನಿನ್ನ ಒಂದು ಪ್ಯಾರಾ ನನ್ನ ಹತ್ತು ಚಿತ್ರಕ್ಕೆ ಸಮ" ಎಂದ.

ಡಾಕ್ಟರು ಚೆನ್ನಾಗಿಯೇ ಹೇಳಿದರು. "ನೋವಿನ ಮಾತಲ್ಲೇ" ಎಂಬಲ್ಲಿ ಇನ್ನೊಂಚೂರು ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 11, ಶುಕ್ರವಾರ

ಬೇಡ ಅನ್ನಿಸುತ್ತಿದೆ, ಆದರೂ ಬರೆಯುತ್ತೇನೆ.

ಮೂವತ್ತೆಂಟರಲ್ಲಿ ಹನ್ನೆರಡು ಜನ ಪುಟ ಮೂವತ್ತೊಂದು ಓದಿ, ಒಟ್ಟು ಸೇರಿ ಕಂಪನಿಗೆ ಪತ್ರ ಬರೆದಿದ್ದಾರೆ. ಪ್ರಯೋಗಕ್ಕೆ ಸೇರುವಾಗ ಅವರು ಸಹಿ ಮಾಡಿದ ಒಪ್ಪಿಗೆಯಲ್ಲಿ, "ಪ್ರಯೋಜನ ಕಾಣುವವರೆಗೆ ಔಷಧಿ ಒದಗಿಸಲು ಕಂಪನಿ ಪ್ರಯತ್ನಿಸುತ್ತದೆ" ಎಂದಿದೆ. ಆ ಮಾತು ಉಳಿಸಿಕೊಳ್ಳಿ, ಇಲ್ಲವಾದರೆ ಷೇರು ಮಾರಾಟಕ್ಕೆ ಕೋರ್ಟಿನಲ್ಲಿ ತಡೆ ಕೇಳುತ್ತೇವೆ ಎಂದಿದ್ದಾರೆ. ಓದಿ ನನ್ನ ಕಣ್ಣು ತುಂಬಿತು. ಬೆಳಕು ಬಿತ್ತು, ಎದ್ದರು!

ವಕೀಲರು ಉತ್ತರ ಸಿದ್ಧಪಡಿಸಲು ಒಂದು ಗಂಟೆಯೂ ಹಿಡಿಯಲಿಲ್ಲ. ಕರಡು ತಿದ್ದಲು ನನ್ನ ಮೇಜಿಗೇ ಬಂತು. ಇಡೀ ಉತ್ತರ ಇಷ್ಟೇ: ವಿಷಯವನ್ನು ಪುಟ ಮೂವತ್ತೊಂದರಲ್ಲಿ ಪೂರ್ಣವಾಗಿ, ಸ್ಪಷ್ಟವಾಗಿ ಬಹಿರಂಗಪಡಿಸಲಾಗಿದೆ. ಏನನ್ನೂ ಮರೆಮಾಚಿಲ್ಲ. ಮಾರಾಟ ತಡೆಯಲು ಆಧಾರವಿಲ್ಲ.

ವಕೀಲರ ಕೋಣೆಗೆ ಹೋದೆ.

"ಸರ್, ಹಳೇ ಸಾಲೇ ಇದ್ದಿದ್ರೆ?"

"ಇನ್ನೂರ ಹನ್ನೆರಡನೇ ಪುಟದ್ದಾ? ಅಯ್ಯೋ, ಅದಿದ್ದಿದ್ರೆ ಕಷ್ಟ ಇತ್ತಮ್ಮ. ಮುಚ್ಚಿಟ್ಟಿದ್ದಾರೆ ಅಂತ ತಡೆ ಸಿಗ್ತಿತ್ತು. ತಡೆ ಸಿಕ್ಕಿದ್ರೆ ಇವರು ಕೂತು ಮಾತಾಡಿ, ಎರಡು ವರ್ಷದ ಸೂಜಿಗೋ ಮೂರು ವರ್ಷದ್ದಕ್ಕೋ ಒಪ್ಕೋಬೇಕಾಗ್ತಿತ್ತು." ಅವರು ಪೆನ್ಸಿಲಿನಿಂದ ಕಿವಿಯ ಹಿಂದೆ ಕೆರೆದುಕೊಂಡರು. "ನೀನು ಅವತ್ತು ಬಾಯಿ ಬಿಟ್ಟಿದ್ದು ಒಳ್ಳೇದಾಯ್ತು."

ಅವರದು ಕುಹಕವಲ್ಲ. ನಿಜವಾಗಿಯೂ ಕೃತಜ್ಞತೆಯಿಂದ ಹೇಳಿದರು.

ಮೇಡಂ ಹತ್ತಿರ ಹೋಗಿ ಕೆಲಸ ಬಿಡುತ್ತೇನೆ ಎಂದೆ. ಮೇಡಂ ಕುರ್ಚಿ ತೋರಿಸಿದರು, ನಾನು ಕೂರಲಿಲ್ಲ.

"ಬಿಡು. ತಡೆಯೋದಿಲ್ಲ. ಆದ್ರೆ ಹೇಳು, ಜೂನ್‌ನಲ್ಲಿ ಆ ಫೋನ್ ಎತ್ತೋದು ಯಾರು? ಏಜೆನ್ಸಿಯಿಂದ ಒಬ್ಬ ಬರ್ತಾನೆ. 'ನಿಮ್ಮ ಕರೆ ನಮಗೆ ಮುಖ್ಯ' ಅಂತಾನೆ. ನೀನಾದ್ರೆ ಕನಿಷ್ಠ ಅವರ ಹೆಸರು ಹೇಳಿ ಮಾತಾಡಿಸ್ತೀಯ."

ಅರ್ಧ ಗಂಟೆ ಶೌಚಾಲಯದಲ್ಲಿ ನಿಂತಿದ್ದೆ. ಆಮೇಲೆ ಉತ್ತರದ ಕರಡು ತಿದ್ದಿದೆ. ಎರಡನೇ ಸಾಲಿನಲ್ಲಿ ಒಂದು ಅಲ್ಪವಿರಾಮ ತಪ್ಪಿತ್ತು.

ಏಪ್ರಿಲ್ 13, ಭಾನುವಾರ

ಗುಂಪಿಗೆ ಹೋಗಲಿಲ್ಲ. ಹೋದರೆ ಹೇಳಬೇಕಾಗುತ್ತದೆ.

ಅಕ್ಕ "ಯಾಕೆ, ಇವತ್ತು ಕ್ರಾಂತಿಗೆ ರಜಾನಾ?" ಎಂದಳು. ಆಮೇಲೆ ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಏಪ್ರಿಲ್ 24, ಗುರುವಾರ

ಇಂದು ಪೇಟೆ ಸೇರಿದೆವು. ಗಂಟೆ ಬಾರಿಸಿ ಷೇರಿನ ಮೊದಲ ವಹಿವಾಟು ಶುರು ಮಾಡುವುದು ರೂಢಿ. ಔಷಧಿ ಕಂಪನಿಗಳು ಒಬ್ಬ ರೋಗಿಯನ್ನು ಕರೆಸಿ ಬಾರಿಸುತ್ತವೆ. ಕರೆಸಿದ್ದು ಕಟಿಂಗ್ ಶಾಪಿನ ಅಣ್ಣನನ್ನು. ಹನ್ನೆರಡು ಜನರ ಆ ಪತ್ರಕ್ಕೆ ಅವರು ಸಹಿ ಹಾಕಿರಲಿಲ್ಲ.

ಮೊದಲ ಸಲ ಮುಖ ನೋಡಿದೆ. ಕುಳ್ಳಗಿದ್ದಾರೆ, ದನಿಯಷ್ಟು ದಪ್ಪ ಇಲ್ಲ. ಕಡ ತಂದ ಕೋಟು, ತೋಳು ಉದ್ದ.

"ನೀನೇನಾ ತಂಗೀ? ಕೂದಲು ಯಾರು ಕತ್ತರಿಸಿದ್ದು? ಅವರ ಕೈಗೂ ಕಾಯಿಲೆ ಇರ್ಬೇಕು."

ನಕ್ಕೆ. ಬಹಳ ದಿನವಾಗಿತ್ತು.

"ಪತ್ರಕ್ಕೆ ಯಾಕೆ ಸಹಿ ಹಾಕ್ಲಿಲ್ಲ ಅಣ್ಣಾ?"

"ಕಾಗದಕ್ಕೆ ಕಾಗದಾನೇ ಉತ್ತರ ಬರುತ್ತೆ. ನಾನು ಮುಖ ನೋಡಿ ಕೇಳ್ತೀನಿ. ಮೂವತ್ತು ವರ್ಷ ಜನರ ಮುಖ ಹಿಡಿದಿದ್ದೀನಿ, ಯಾವುದು ಅಲ್ಲಾಡುತ್ತೆ ಗೊತ್ತಾಗುತ್ತೆ."

ಗಂಟೆ ಬಾರಿಸಿದರು. ಗಂಟೆಯ ಹಗ್ಗ ಹಿಡಿದ ಬಲಗೈ ಒಂಚೂರೂ ನಡುಗಲಿಲ್ಲ. ಕಾಗದದ ಚೂರು ಉದುರಿತು, ಫೋಟೊ ತೆಗೆದರು. ಎಲ್ಲರೂ ಪರದೆಯ ಮೇಲಿನ ಬೆಲೆ ನೋಡುತ್ತಿದ್ದಾಗ ಅವರು ದೊಡ್ಡ ಡಾಕ್ಟರ ಮುಂದೆ ನಿಂತರು.

"ಡಾಕ್ಟರೇ, ಈ ಕೈ ನೀವು ಕೊಟ್ಟಿದ್ದು. ಜೂನ್ ಆದ್ಮೇಲೆ ವಾಪಸ್ ತಗೋತೀರಂತೆ, ಹೌದಾ?"

ಡಾಕ್ಟರು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾದದ್ದನ್ನು ನಾನೇ ನೋಡಿದೆ. "ನಿಮ್ಮಂಥೋರಿಂದಲೇ ನಾವು ಇವತ್ತು ಇಲ್ಲಿ ನಿಂತಿರೋದು."

"ಅದು ಗೊತ್ತು. ನಾನು ಎಲ್ಲಿ ನಿಲ್ಲೋದು ಅಂತ ಕೇಳಿದ್ದು."

ಮೇಡಂ ನನ್ನ ಕಡೆ ನೋಡಿದರು. ನಾನು ಅಣ್ಣನ ತೋಳು ಹಿಡಿದು ಲಿಫ್ಟಿನ ಕಡೆ ಕರೆದುಕೊಂಡು ಹೋದೆ.

"ಇನ್ನು ಇಪ್ಪತ್ತೈದು ದಿನ ಯಾರೂ ಏನೂ ಹೇಳೋ ಹಾಗಿಲ್ಲ ಅಣ್ಣಾ. ಕಾನೂನು."

"ಆಮೇಲೆ ಹೇಳ್ತಾರಾ?"

"ಹೇಳ್ತಾರೆ."

"ಏನು ಹೇಳ್ತಾರೆ ಅಂತ ನಿಂಗೆ ಗೊತ್ತು."

ಲಿಫ್ಟಿನ ಗುಂಡಿ ಒತ್ತಿದೆ. ಮೌನದ ಅವಧಿ ಸಿಬ್ಬಂದಿಗೂ ಅನ್ವಯಿಸುತ್ತದೆ.

ಲಿಫ್ಟು ಬಂತು. ಒಳಗೆ ಹೋಗಿ ತಿರುಗಿದರು. "ತಲೆ ಬೋಳಿಸೋದು ನನ್ನ ಕಸುಬು ತಂಗೀ. ನಿಮ್ಮವರು ನನಗಿಂತ ನೀಟಾಗಿ ಬೋಳಿಸ್ತಾರೆ. ಒಂದು ಗಾಯ ಇಲ್ಲ ನೋಡು." ನಗುತ್ತಲೇ ಹೇಳಿದರು. ಬಾಗಿಲು ಮುಚ್ಚಿತು.

ಬೆಲೆ ಮೊದಲ ದಿನವೇ ನೂರಕ್ಕೆ ಮೂವತ್ತೊಂದರಷ್ಟು ಏರಿ ನಿಂತಿದೆ.

ಮೇ 6, ಮಂಗಳವಾರ

ಬೆಳಿಗ್ಗೆ ಎದ್ದ ಕೂಡಲೇ ಬೆಲೆ ನೋಡುವುದು ಅಭ್ಯಾಸವಾಗಿದೆ. ನನ್ನ ಹತ್ತಿರ ಒಂದು ಷೇರೂ ಇಲ್ಲ.

ಮೇ 14, ಬುಧವಾರ

ಹನ್ನೊಂದು ಗಂಟೆಗೆ ಫೋನ್ ಬರಲಿಲ್ಲ. ಕಳೆದ ಬುಧವಾರವೂ ಬಂದಿರಲಿಲ್ಲ.

ಗುಂಪಿನವರು ಹೊಸ ಕರಪತ್ರ ಕಳಿಸಿದ್ದಾರೆ, ಕರಡು ತಿದ್ದಿಕೊಡು ಎಂದು. ಎರಡೇ ಪುಟ. ಮೊದಲ ಪುಟದಲ್ಲೇ ಆಧಾರವಿಲ್ಲದ ನಾಲ್ಕು ಮಾತುಗಳಿವೆ. ಯಾವ ವಕೀಲನಾದರೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಳೆದು ಹಾಕುತ್ತಾನೆ. ಗುರುತು ಹಾಕಿ ವಾಪಸ್ ಕಳಿಸಿದೆ. ಅವರಿಂದ ಉತ್ತರ ಬಂದಿಲ್ಲ.

ಮೇ 20, ಮಂಗಳವಾರ

ಮೌನದ ಅವಧಿ ನಿನ್ನೆಗೆ ಮುಗಿಯಿತು. ಮೂವತ್ತೆಂಟು ಪತ್ರ ಇಂದು ಹೋದವು. ಬರೆದದ್ದು ನಾನೇ. ಏಜೆನ್ಸಿಯವರ ಕರಡಿನಲ್ಲಿ "ನಿಮ್ಮ ಪ್ರಯಾಣದಲ್ಲಿ ಪಾಲುದಾರರು" ಎಂದಿತ್ತು, ಕಿತ್ತು ಹಾಕಿದೆ. ನಾವು ಹಾಗೆ ಬೂಟಾಟಿಕೆ ಮಾಡುವುದಿಲ್ಲ. ಪೂರೈಕೆ ಜೂನ್‌ಗೆ ಮುಗಿಯುತ್ತದೆ, ಕೈಬಲ ಇಳಿಯುತ್ತದೆ, ವ್ಯಾಯಾಮದ ಕೇಂದ್ರದ ವಿಳಾಸ ಇಲ್ಲಿದೆ. ಮೂರೇ ಪ್ಯಾರಾ.

ಅಕ್ಕನಿಗೆ ತೋರಿಸಿದೆ. ಎರಡು ಸಲ ಓದಿದಳು. "ಚೆನ್ನಾಗಿ ಬರೆದಿದ್ದೀಯ" ಎಂದಳು. ಆಮೇಲೆ ಇಡೀ ಸಂಜೆ ನನ್ನ ಜೊತೆ ಮಾತಾಡಲಿಲ್ಲ. ಕಾರಣ ತಿಳಿಯಲಿಲ್ಲ. ಲಾಂಡ್ರಿಯಲ್ಲಿ ಏನೋ ಆಗಿರಬೇಕು.

ಜುಲೈ 1, ಮಂಗಳವಾರ

ಪ್ರಯೋಗದ ಲೆಕ್ಕ ಮುಚ್ಚುವಾಗ ರೋಗಿಗಳ ಬಳಿ ಉಳಿದಿರುವ ಪ್ರತಿ ಸೀಸೆಯೂ ವಾಪಸ್ ಬರಬೇಕು. ಎಷ್ಟು ಹೋಯಿತು, ಎಷ್ಟು ಬಳಕೆಯಾಯಿತು, ಎಷ್ಟು ಬಂತು ಎಂಬುದು ತಾಳೆಯಾಗಬೇಕು. ಆ ಕೆಲಸವನ್ನು ಕೇಳಿ ಪಡೆದುಕೊಂಡೆ. ಹೊರಗಿನವರನ್ನು ಕಳಿಸಿದರೆ ಜನರೊಂದಿಗೆ ಹೇಗೆ ನಡೆದುಕೊಳ್ಳುತ್ತಾರೋ. ಹತ್ತು ದಿನದಲ್ಲಿ ಮೂವತ್ತೇಳು ಮುಗಿದವು. ಹೆಚ್ಚಿನವರ ಬಳಿ ಏನೂ ಉಳಿದಿರಲಿಲ್ಲ. ಕೆಲವರು ಬಾಗಿಲು ತೆರೆಯಲಿಲ್ಲ. ಅದಕ್ಕೂ ನಮೂನೆಯಲ್ಲಿ ಒಂದು ಜಾಗವಿದೆ.

ಉಳಿದದ್ದು ಒಂದು. ಇಂದು ನಾನೇ ಫೋನ್ ಮಾಡಿದೆ.

"ಹೇಳು ತಂಗೀ."

"ಅಣ್ಣಾ, ಸೀಸೆ ಏನಾದ್ರೂ ಉಳಿದಿದೆಯಾ?"

ಹಿಂದೆ ಕತ್ತರಿಯ ಸದ್ದು ಕೇಳುತ್ತಿತ್ತು. ನಿಂತಿತು.

"ನಿನ್ನ ಹತ್ರ ಸುಳ್ಳು ಯಾಕೆ? ಮೂರಿದೆ. ಪುಟ ಮೂವತ್ತೊಂದರ ಸುದ್ದಿ ಕೇಳಿದ್ಮೇಲೆ ಒಂದು ಬಿಟ್ಟು ಒಂದು ಹಾಕ್ಕೊಂಡೆ. ಆಗಾಗ ಕೈ ಸೋಲುತ್ತೆ, ಆದ್ರೆ ಮೂರು ಉಳಿಸಿದೆ. ಮೂರು ಅಂದ್ರೆ ನನ್ನ ಹೊಸ ಲೆಕ್ಕದಲ್ಲಿ ಮೂರು ತಿಂಗಳು. ಅಷ್ಟರಲ್ಲಿ ಹೆಂಡ್ತಿಗೆ ಕತ್ತರಿ ಕೆಲಸ ಕಲಿಸಿಬಿಡ್ತೀನಿ. ಈಗ ಬಲೂನಿಗೆ ಬಂದಿದ್ದಾಳೆ. ನಿನ್ನೆ ನಾಲ್ಕು ಒಡೆದ್ಲು."

ನಮೂನೆಯನ್ನು ಎದುರಿಗೆ ಎಳೆದುಕೊಂಡೆ.

"ಇಲ್ಲ ಅಂತ ಬರ್ಕೋ ತಂಗೀ. ಸೊನ್ನೆ ಅಂತ. ಯಾರಿಗೆ ಏನು ನಷ್ಟ?"

"ಇದೆ ಅಂತ ನೀವೇ ಹೇಳಿಬಿಟ್ರಲ್ಲ ಅಣ್ಣಾ."

"ನಿಂಗೆ ಹೇಳಿದ್ದು."

"ನಾನು ಸುಳ್ಳು ಬರೆಯೋದಿಲ್ಲ ಅಣ್ಣಾ. ಯಾವತ್ತೂ ಬರೆದಿಲ್ಲ."

ಕುರ್ಚಿಯಲ್ಲಿದ್ದ ಗಿರಾಕಿ ಏನೋ ಕೇಳಿದ. "ಇರಿ ಸ್ವಾಮಿ, ಅರ್ಧ ತಲೇಲಿ ಎದ್ದು ಹೋಗ್ತೀರಾ?" ಎಂದು ಅವನಿಗೆ ಹೇಳಿ, ಮತ್ತೆ ಫೋನಿಗೆ ಬಂದರು.

"ಅದೂ ನಿಜಾನೇ. ನೀನು ನಿಜ ಹೇಳೋ ಹುಡುಗಿ. ನೀನೇ ಬಾ, ಬೇರೆಯವರನ್ನ ಕಳಿಸ್ಬೇಡ."

ಒಳ್ಳೆಯ ಮನುಷ್ಯ. ಹಟ ಮಾಡಲಿಲ್ಲ. ಐಸ್ ಹಾಕಿದ ಪ್ರಮಾಣಿತ ಪೆಟ್ಟಿಗೆ ನಾಳೆ ಉಗ್ರಾಣದಿಂದ ಬರುತ್ತದೆ. ನಮೂನೆಯಲ್ಲಿ ಮೂರು ಎಂದು ತುಂಬಿದ್ದೇನೆ, ಅವರ ಸಹಿ ಮಾತ್ರ ಬಾಕಿ. ಪೆನ್ನು ಹಿಡಿಯಲು ಕಷ್ಟವಾದರೆ ಹೆಬ್ಬೆಟ್ಟೂ ನಡೆಯುತ್ತದೆ ಎಂದು ವಕೀಲರು ಹೇಳಿದ್ದಾರೆ.

ಗುರುವಾರ, ಜುಲೈ 3. ಬೆಳಿಗ್ಗೆ ಹನ್ನೊಂದು ಗಂಟೆ, ಅವರ ಅಂಗಡಿಯಲ್ಲಿ.